ನಮ್ಮನೆಯ ಮಂಡಕ್ಕಿ

ಆ ವರ್ಷ ಯುಗಾದಿಯ ಮರುದಿನ ನಮ್ಮ ಊರಿನಲ್ಲಿ ತೆರೆದುಕೊಂಡದ್ದು ಪಂಚಾಯಿತಿ ಅಧ್ಯಕ್ಷರ ಶಾಯಿ ಪೆನ್ನಿನ ಮುಚ್ಚಳ. ಪೆನ್ನು ಅವರ ಬಿಳಿ ಅಂಗಿಯ ಜೇಬಿನಲ್ಲಿತ್ತು. ಅವರು ಭಾಷಣದ ನಡುವೆ ಎದೆ ಮುಟ್ಟಿಕೊಂಡು “ಈ ಊರು ನನ್ನ ಹೃದಯದಲ್ಲಿದೆ” ಎಂದಾಗ ಅಂಗೈಯೆಲ್ಲ ನೀಲಿಯಾಯಿತು. ಪಂಚಾಯಿತಿಯ ಜವಾನ ನಿಂಗಪ್ಪ ಓಡಿಹೋಗಿ ಜಾಗಟೆ ಬಾರಿಸಿದ. ಊರು ಉಸಿರು ಬಿಟ್ಟಿತು. ಅವತ್ತಿನದು ಮುಗಿಯಿತು.

ನಮ್ಮಲ್ಲಿ ದಿನಕ್ಕೆ ಒಂದು. ಮುಚ್ಚಿದ್ದೋ, ಕಟ್ಟಿದ್ದೋ, ಬೀಗ ಹಾಕಿದ್ದೋ, ಯಾವುದಾದರೂ ಒಂದು ತಾನಾಗಿ ತೆರೆದುಕೊಳ್ಳುತ್ತದೆ. ಒಂದು ದಿನ ಯಾರದೋ ಉಪ್ಪಿನಕಾಯಿ ಜಾಡಿ, ಇನ್ನೊಂದು ದಿನ ಶಾಲೆಯ ಗೇಟು, ಮತ್ತೊಂದು ದಿನ ಹಸುವಿನ ಕೊರಳ ಹಗ್ಗ. ತೆರೆದ ಮನೆಯವರು ನಿಂಗಪ್ಪನಿಗೆ ಹೇಳಿ ಕಳಿಸಬೇಕು, ಅವನು ಜಾಗಟೆ ಬಾರಿಸಬೇಕು, ಆ ಮನೆಯವರು ಬೀದಿಗೆಲ್ಲ ಖಾರ ಮಂಡಕ್ಕಿ ಹಂಚಬೇಕು. ಜಾಗಟೆಯಾಗುವವರೆಗೆ ಎಲ್ಲರೂ ತಮ್ಮ ತಮ್ಮ ಚಿಲಕ, ಡಬ್ಬಿ, ನಲ್ಲಿಗಳ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಆದ ಮೇಲೆ ನಿಶ್ಚಿಂತೆ. ಹೆಂಗಸರು ಸೆರಗಿಗೆ ಎರಡು ಪಿನ್ನು ಹಾಕುತ್ತಾರೆ, ಮದುಮಗಳಿಗೆ ನಾಲ್ಕು. ನನ್ನ ಗಂಡ ರುದ್ರಮೂರ್ತಿಯ ಫ್ಯಾನ್ಸಿ ಸ್ಟೋರು ನಡೆಯುವುದೇ ಆ ಪಿನ್ನುಗಳ ಮೇಲೆ.

ಕೆಲವು ದಿನ ಜಾಗಟೆಯೇ ಆಗುವುದಿಲ್ಲ. ಯಾರ ಟ್ರಂಕಿನ ತಳದಲ್ಲಿ ಯಾವ ಕುಂಕುಮದ ಭರಣಿ ಬಾಯಿ ಬಿಟ್ಟಿದೆಯೋ ಯಾರಿಗೆ ಗೊತ್ತು. ಒಮ್ಮೆ ಹೀಗೆ ಇಡೀ ದಿನ ಹುಡುಕಿ ಸುಸ್ತಾದ ಮೇಲೆ ತಿಳಿಯಿತು: ಒಂಬತ್ತು ವರ್ಷದಿಂದ ವಾರಗಿತ್ತಿಯ ಜೊತೆ ಮಾತು ಬಿಟ್ಟಿದ್ದ ಸಿದ್ದವ್ವ ಅವತ್ತು ಬಾಯಿ ತೆರೆದಿದ್ದಳು. ಇದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಪಂಚಾಯಿತಿಯಲ್ಲಿ ಚರ್ಚೆಯಾಯಿತು. ವಾರಗಿತ್ತಿ ಮಾತ್ರ, “ಏನಾದ್ರೂ ಹಿಡ್ಕೊಳ್ಳಿ, ಬೇಗ ಜಾಗಟೆ ಬಾರ್ಸಿ. ನಾಳೆಗಾದ್ರೂ ಮುಚ್ಕೋತಾಳೆ” ಎಂದಳು.

ನನ್ನ ವಿಷಯ ಹೇಳಬೇಕಾದ್ದು ಇಲ್ಲಿಯೇ. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಒಂದು ಸಾಸಿವೆ ಡಬ್ಬಿಯೂ ತೆರೆದುಕೊಂಡಿಲ್ಲ. ಬೀದಿಯ ಅಷ್ಟೂ ಮನೆಯ ಮಂಡಕ್ಕಿ ತಿಂದಿದ್ದೇನೆ, ಎದುರು ಮನೆಯ ಹಾಲಮ್ಮನದನ್ನೇ ಆರು ಸಲ ತಿಂದಿದ್ದೇನೆ. “ಪಂಕಜಕ್ಕ, ನಿಮ್ಮನೆ ಮಂಡಕ್ಕಿ ಯಾವಾಗ?” ಎಂದು ಮದುವೆಮನೆಯಲ್ಲಿ ಕೇಳುತ್ತಾರೆ, ಹೆಣ್ಣುಮಕ್ಕಳನ್ನು “ವಿಶೇಷ ಏನಾದ್ರೂ ಇದೆಯಾ” ಎಂದು ಕೇಳುವ ಧಾಟಿಯಲ್ಲಿ. ನಾನು ನಗುತ್ತಿದ್ದೆ. ಒಳಗೊಳಗೆ ಎರಡು ಲೆಕ್ಕ ನಡೆಯುತ್ತಿತ್ತು. ಒಂದು, ನಾನು ಅಷ್ಟು ನೋಡಿಕೊಳ್ಳುವುದರಿಂದಲೇ ನಮ್ಮಲ್ಲಿ ತೆರೆದಿಲ್ಲ. ಎರಡು, ಇಷ್ಟು ದಿನ ತೆರೆದಿಲ್ಲವಾದ್ದರಿಂದ ಇವತ್ತು ನಮ್ಮದೇ. ಎರಡನ್ನೂ ಒಟ್ಟಿಗೇ ನಂಬುವುದು ನನಗೆ ಕಷ್ಟವೇನೂ ಆಗುತ್ತಿರಲಿಲ್ಲ.

ಗ್ಯಾಸಿನ ವಾಲ್ವು, ಹಿತ್ತಲ ಚಿಲಕ, ಬಚ್ಚಲ ನಲ್ಲಿ, ಅಕ್ಕಿ ಡಬ್ಬ, ಬೀರು, ಮುಂಬಾಗಿಲ ಬೀಗ, ಒಂದೊಂದನ್ನೂ ಏಳು ಸಲ ನೋಡುತ್ತಿದ್ದೆ. ಬರೀ ಕಣ್ಣಲ್ಲಲ್ಲ, ಕೈಯಲ್ಲಿ ಎಳೆದು. ಎಳೆಯುವಾಗ “ಹಾಕಿದೆ, ಹಾಕಿದೆ, ಹಾಕಿದೆ” ಎಂದು ಬಾಯಲ್ಲಿ ಹೇಳಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ. ಬೀಗದ ಕೊಂಡಿಯನ್ನು ನಾನು ಕಿತ್ತು ಕೈಗೆ ತಂದದ್ದು ಮೂರು ಸಲ. “ಊರಲ್ಲಿ ತಾನಾಗಿ ತೆರೆದ ಬೀಗಕ್ಕಿಂತ ನೀನು ಕಿತ್ತಿರೋ ಬೀಗವೇ ಜಾಸ್ತಿ ಕಣೇ” ಎಂದು ನಮ್ಮವರು ಬಡಗಿಯನ್ನು ಕರೆಯಲು ಹೋಗುತ್ತಿದ್ದರು.

ಕಳ್ಳರ ಭಯವಲ್ಲ. ನಮ್ಮನೆಯಲ್ಲಿ ಕದಿಯಲು ಬಂದವನು ಪಿನ್ನಿನ ಡಬ್ಬ ಹೊತ್ತುಕೊಂಡು ಹೋಗಬೇಕು, ಅಷ್ಟೆ. ನನ್ನ ಭಯ ಬೇರೆ. ಗ್ಯಾಸು ತೆರೆದುಕೊಂಡು ಬೀದಿ ಹೊತ್ತಿಕೊಂಡರೆ? ಹಿತ್ತಲ ಬಾಗಿಲು ತೆರೆದು, ಆಡುತ್ತ ಬಂದ ಹಾಲಮ್ಮನ ಮೊಮ್ಮಗು ಬಾವಿಯ ಹತ್ತಿರ ಹೋದರೆ? ಆಗ ಎಲ್ಲರೂ “ಪಾಪ, ಪಂಕಜಕ್ಕನ ತಪ್ಪೇನಿದೆ” ಎನ್ನುತ್ತಾರೆ. ಆ ‘ಪಾಪ’ವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೆ ಎಂದರೆ, ಅದು ನಡೆದೇ ಹೋಗಿದೆ ಎನ್ನುವಷ್ಟು.

ಊರಿನವರು ಇದನ್ನೆಲ್ಲ ಅತಿ ಜಾಗ್ರತೆ ಎಂದು ಸುಮ್ಮನಿರುತ್ತಿದ್ದರು. ಆದರೆ ನಾನು ಜಾಗಟೆಯಾದ ಮೇಲೂ ನೋಡುತ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಬೇರೆ ಯಾರದೋ ಮನೆಯ ಕಿಟಕಿ ತೆರೆದು, ನಿಂಗಪ್ಪ ಜಾಗಟೆ ಬಾರಿಸಿ, ಅವರ ಮಂಡಕ್ಕಿ ನನ್ನ ಬಾಯಲ್ಲಿರುವಾಗಲೇ ಹಿತ್ತಲಿಗೆ ಹೋಗಿ ಚಿಲಕ ಎಳೆಯುತ್ತಿದ್ದೆ. ನಿಂಗಪ್ಪ ತಪ್ಪಾಗಿ ಬಾರಿಸಿದ್ದರೆ? ಆ ಕಿಟಕಿಯನ್ನು ಗಾಳಿ ತೆರೆದಿದ್ದರೆ? ನಾನು ಕೇಳಿದ್ದು ಜಾಗಟೆಯೇ ಹೌದೋ, ಪಾತ್ರೆ ಅಂಗಡಿಯ ಸದ್ದೋ?

ಇದರಿಂದ ಹಾಳಾದದ್ದು ಮಗಳ ಸೀಮಂತ. ವರದಾಳನ್ನು ಕೊಟ್ಟಿರುವುದು ಬಸ್ಸಿನಲ್ಲಿ ಎರಡೂವರೆ ತಾಸಿನ ಊರಿಗೆ. ಅಲ್ಲಿ ಏನೂ ತಾನಾಗಿ ತೆರೆಯುವುದಿಲ್ಲ. ಅವಳು ಅಲ್ಲಿಗೆ ಹೋದ ಮೊದಲ ವಾರ, “ಅಮ್ಮಾ, ಇಲ್ಲಿ ಹಾಲಿನ ಪಾತ್ರೆ ಮುಚ್ಚಿದ್ರೆ ಮುಚ್ಚೇ ಇರತ್ತೆ, ನಂಗೆ ಬೋರು” ಎಂದಿದ್ದಳು. ಸೀಮಂತದ ದಿನ ಬಳೆ, ಸೀರೆ, ಐದು ಬಗೆಯ ಅನ್ನದ ಬುತ್ತಿಗಳೊಂದಿಗೆ ಹನ್ನೊಂದೂಕಾಲರ ಬಸ್ಸು ಹತ್ತಿದೆ. ಊರಾಚೆಯ ಸೇತುವೆ ಬಂದಾಗ ಅನುಮಾನ ಹತ್ತಿಕೊಂಡಿತು. ಹಿತ್ತಲ ಚಿಲಕವನ್ನು ಏಳನೆಯ ಸಲ ಎಳೆದೆನೋ, ಆರಕ್ಕೇ ಬಿಟ್ಟೆನೋ? “ಈರಣ್ಣಾ, ನಿಲ್ಸು!” ಎಂದೆ. ಕಂಡಕ್ಟರ್ ಈರಣ್ಣ ನಿಲ್ಲಿಸಿದ. ಬುತ್ತಿಗಳು ನಮ್ಮವರ ಜೊತೆ ಮುಂದೆ ಹೋದವು. ನಾನು ಹಿಂದೆ ನಡೆದೆ. ಚಿಲಕ ಭದ್ರವಾಗಿತ್ತು. ಅಲ್ಲಿ ನನ್ನ ಮಗಳ ಕೈಗೆ ತಾಯಿ ತೊಡಿಸಬೇಕಾದ ಹಸಿರು ಬಳೆಯನ್ನು ಇನ್ಯಾರದೋ ತಾಯಿ ತೊಡಿಸಿದಳು.

ವರದಾ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಒಂದು ತಿಂಗಳ ನಂತರ ಫೋನಿನಲ್ಲಿ ಅಡುಗೆಯ ವಿಷಯ ಹೇಳುವವಳಂತೆ ಹೇಳಿದಳು: “ಡಾಕ್ಟ್ರು ಪ್ರಯಾಣ ಬೇಡ ಅಂದಿದಾರೆ, ಹೆರಿಗೆ ಇಲ್ಲೇ. ಬಂದ್ರೆ ಬಾ. ಬರದಿದ್ರೆ ನಮ್ಮತ್ತೆ ಇದಾರೆ. ಆದ್ರೆ ನಾನು ಬಾಗಿಲು ನೋಡ್ಕೊಂಡು ಕಾಯೋದಿಲ್ಲಮ್ಮ. ಅವತ್ತು ಕಾದೆನಲ್ಲ, ಸಾಕು.”

ಬಾಗಿಲು ನೋಡುವುದು ಎಂದರೇನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನಿಟ್ಟು ಅತ್ತುಬಿಟ್ಟೆ. ಆಮೇಲೆ ಫೋನು ಸರಿಯಾಗಿ ಇಟ್ಟೆನೇ ಎಂದು ನೋಡಿದೆ.

ನಸೀಮಾ ನಮ್ಮೂರಿಗೆ ಬಂದದ್ದು ಆ ವಾರವೇ. ಜಿಲ್ಲಾ ಆರೋಗ್ಯ ಕಚೇರಿಯ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ನಾಲ್ಕು ಕಂಪ್ಯೂಟರು ತಂದು ಹಳೆಯ ಶಾಲೆಯ ಕೋಣೆಯಲ್ಲಿ ಜೋಡಿಸಿದಳು. ಗೀಳು ಇರುವವರಿಗೆ ಮಿದುಳಿನ ತರಬೇತಿ, ಉಚಿತ ಎಂದು ಬೋರ್ಡು ಹಾಕಿದಳು. ಮೊದಲ ದಿನವೇ ಒಂದು ಕಂಪ್ಯೂಟರಿನ ಪೆಟ್ಟಿಗೆ, ಅಂಟುಪಟ್ಟಿ ಸಮೇತ, ತಾನಾಗಿ ತೆರೆದುಕೊಂಡಿತು. ಜಾಗಟೆಯಾಯಿತು. ಏನು ಎತ್ತ ತಿಳಿಯದೆ ನಿಂತಿದ್ದ ಅವಳ ಕೈಗೆ ಹಾಲಮ್ಮ ಐದು ಸೇರು ಮಂಡಕ್ಕಿಯ ಚೀಲ ಕೊಟ್ಟು, “ಹಂಚು ಮಗಳೇ, ಇದು ನಿಂದೇ” ಎಂದಳು. ನಸೀಮಾ ಹಂಚಿದಳು. ಊರು ಅವಳನ್ನು ಅವತ್ತೇ ಒಪ್ಪಿಕೊಂಡಿತು. ನಾನು ಮಾತ್ರ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೆ. ಬಂದು ಅರ್ಧ ದಿನವಾಗಿಲ್ಲ, ಇವಳಿಗೆ ತೆರೆಯಿತು! ಆದರೂ ವರದಾಳ ಮಾತು ನೆನೆದು ಮರುದಿನ ಹೋಗಿ ಹೆಸರು ಬರೆಸಿದೆ.

“ಗುಡ್ಡದ ಮೇಲೆ ದಿನಾ ಒಂದೇ ಕಡೆ ನೀರು ಹರಿದ್ರೆ ಏನಾಗತ್ತೆ ಹೇಳಿ?” ಎಂದು ನಸೀಮಾ ನನ್ನನ್ನು ಕೇಳಿದಳು.

“ಕೊರಕಲು ಬೀಳತ್ತೆ.”

“ನಿಮ್ಮ ಅನುಮಾನವೂ ಹಾಗೇ ಪಂಕಜಮ್ಮ. ಬಂದ ತಕ್ಷಣ ಆ ಕೊರಕಲಿಗೇ ಇಳಿಯತ್ತೆ. ಪಕ್ಕದಲ್ಲೊಂದು ಬೇರೆ ಕಾಲುವೆ ತೋಡೋದು ಈ ಪಾಠದ ಕೆಲಸ. ಸ್ವಲ್ಪ ಸ್ವಲ್ಪವೇ. ದಿನಾ ಇಪ್ಪತ್ತು ನಿಮಿಷ.”

ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ, ಕೆಳಗೆ ಎರಡು ಉತ್ತರ. ‘ನೀವು ಮನೆಗೆ ಬೀಗ ಹಾಕಿ ಹೊರಟಿದ್ದೀರಿ. ಬೀಗ ಹಾಗೆಯೇ ಇರುತ್ತದೆ. ಹೌದು ಅಥವಾ ಅಲ್ಲ.’ ನಾನು ಅಲ್ಲ ಎಂದು ಒತ್ತಿದೆ. ಕೆಂಪು ಗುರುತು ಬಂತು. ಮತ್ತೊಂದು. ‘ನಲ್ಲಿ ತಿರುಗಿಸಿದ್ದೀರಿ. ನೀರು ನಿಂತೇ ಇರುತ್ತದೆ.’ ಅಲ್ಲ. ಕೆಂಪು. ಇಪ್ಪತ್ತು ನಿಮಿಷ ಮುಗಿಯುವಷ್ಟರಲ್ಲಿ ನನ್ನ ಪರದೆ ಕುಂಕುಮದ ತಟ್ಟೆಯಂತಾಗಿತ್ತು.

ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ಉತ್ತರವೂ ಬೇಕು ಎಂದು ನಸೀಮಾ ಅಧ್ಯಕ್ಷರನ್ನು, ನಿಂಗಪ್ಪನನ್ನು, ಹಾಲಮ್ಮನನ್ನು, ಇನ್ನೂ ಮೂವತ್ತು ಜನರನ್ನು ಕೂರಿಸಿದಳು. ನಿಂಗಪ್ಪ ನಲ್ಲಿಯ ಪ್ರಶ್ನೆ ಓದಿ, “ಇದು ಜಾಗಟೆಗೆ ಮುಂಚೆಯೋ ಆಮೇಲೋ?” ಎಂದು ಕೇಳಿದ. ಅದಕ್ಕೆ ಪರದೆಯಲ್ಲಿ ಜಾಗವಿರಲಿಲ್ಲ. ಅಧ್ಯಕ್ಷರು ಪೆನ್ನಿನ ಮುಚ್ಚಳದ ಪ್ರಶ್ನೆ ಬಂದಾಗ ಎದ್ದು ಹೋದರು. ಕೊನೆಗೆ ಕಂಪ್ಯೂಟರು ಇಡೀ ಊರಿಗೇ ತೀವ್ರ ಗೀಳು ಎಂದು ಬರೆಯಿತು.

ಜಿಲ್ಲಾ ಕಚೇರಿಯಿಂದ ಫೋನು ಬಂತು. “ಅಷ್ಟೂ ಜನಕ್ಕಾ? ನೀರಲ್ಲಿ ಏನಾದ್ರೂ ಇರ್ಬೇಕು, ಮಾದರಿ ಕಳ್ಸಮ್ಮ.” ನಸೀಮಾ ಕೆರೆಯ ನೀರನ್ನು ಶೀಷೆಯಲ್ಲಿ ತುಂಬಿ, ಬಿರಡೆ ಬಿಗಿದು, ಅರಗು ಹಾಕಿ ಮೇಜಿನ ಮೇಲಿಟ್ಟಳು. ಅವತ್ತು ತೆರೆದುಕೊಂಡದ್ದು ಅದೇ. ಅವಳು ಎರಡನೆಯ ಸಲ ಮಂಡಕ್ಕಿ ಹಂಚಿದಳು. ಹಂಚಿ ಮುಗಿಸಿ, ಖಾಲಿ ಚೀಲ ಮಡಚುತ್ತ, “ಸುಳ್ಳು ಹೇಳ್ತಿರೋದು ನನ್ನ ಕಂಪ್ಯೂಟರೇ ಅಲ್ವಾ?” ಎಂದು ನನ್ನನ್ನು ಕೇಳಿದಳು.

“ಬೇರೆ ಊರಿಗೆ ನಿಜ ಇರ್ಬಹುದು ಬಿಡಮ್ಮ” ಎಂದು ಸಮಾಧಾನ ಮಾಡಿದೆ.

ಮರುದಿನ ಅವಳು ಹೆಂಗಸರನ್ನು ಮಾತ್ರ ಕರೆದಳು. ನಮ್ಮೂರಿಗೆ ಸರಿಯಾದ ಪಾಠವನ್ನು ನಾವೇ ಬರೆಯಬೇಕು ಎಂದಳು. “ಈ ಊರಲ್ಲಿ ಒಂದು ಸಲ ನೋಡೋದು ಕಾಯಿಲೆ ಅಲ್ಲ, ಒಪ್ಪಿದೆ. ಹಾಗಾದ್ರೆ ಕಾಯಿಲೆ ಶುರುವಾಗೋದು ಎಲ್ಲಿಂದ, ನೀವೇ ಹೇಳಿ.” ಬೇಕಾದಷ್ಟು ವಾದವಾಯಿತು. ಒಬ್ಬಳು ಎರಡು ಸಲ ಎಂದಳು. ಇನ್ನೊಬ್ಬಳು, “ನಮ್ಮತ್ತೆ ಇರೋ ತನಕ ಮೂರು, ಒಂದು ಅವರ ಪಾಲಿಂದು” ಎಂದಳು. ಕೊನೆಗೆ ಹಾಲಮ್ಮನೇ ತೀರ್ಪು ಕೊಟ್ಟಳು: “ಜಾಗಟೆ ಆದ್ಮೇಲೂ ಯಾರು ನೋಡ್ತಾರೋ ಅವ್ರಿಗೆ ಕಾಯಿಲೆ. ಅಂಥವ್ರು ಯಾರೂ ಇರಲ್ಲ ಬಿಡಿ.”

“ಇದ್ರೆ ಕೈ ಎತ್ತಿ” ಎಂದಳು ನಸೀಮಾ.

ನನ್ನ ಕೈ ನನ್ನನ್ನು ಕೇಳದೆ ಎದ್ದಿತು. ಆ ಕೋಣೆಯಲ್ಲಿ ಒಂದೇ ಕೈ. ಬಳೆಗಳು ಮೊಳಕೈವರೆಗೆ ಜಾರಿದ ಸದ್ದು ಎಲ್ಲರಿಗೂ ಕೇಳಿಸಿತು. ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದ ಎದುರು ಮನೆ. ನಾನು ಹಿತ್ತಲಿಗೆ ಹೋಗುತ್ತಿದ್ದುದು ಒಗೆದ ಬಟ್ಟೆ ತೆಗೆಯಲೆಂದು ಅವಳು ತಿಳಿದಿದ್ದಳು.

“ಎಷ್ಟು ಸಲನೇ?” ಎಂದು ಮೆಲ್ಲಗೆ ಕೇಳಿದಳು.

“ಏಳು.”

ಹಾಲಮ್ಮ ಸೆರಗಿನ ಪಿನ್ನು ತಿರುವಿದಳು. ಆಮೇಲೆ ಅವಳ ಕೈ ಮೇಲೆದ್ದಿತು, ಪೂರ್ತಿಯಲ್ಲ, ಕಿವಿಯವರೆಗೆ. “ನಂದು ಬಾಗ್ಲಲ್ಲ ಮತ್ತೆ. ಮೊಮ್ಮಗ ಮಧ್ಯಾಹ್ನ ಮಲಗ್ತಾನಲ್ಲ, ಉಸಿರಾಡ್ತಿದಾನಾ ಅಂತ ಮೂಗಿನ ಹತ್ರ ಬೆರಳಿಡ್ತೀನಿ. ನಾಲ್ಕು ಸಲ. ಒಂದೊಂದ್ಸಲ ಅವನು ಎದ್ದು ಅತ್ತರೇನೇ ನಂಗೆ ಸಮಾಧಾನ.” ಅದಾದ ಮೇಲೆ ಕೈಗಳು ಒಂದೊಂದಾಗಿ ಎದ್ದವು. ಒಬ್ಬಳು ಕಾದ ಹಾಲನ್ನು ಒಡೆದಿದೆಯೋ ಎಂದು ಒಂಬತ್ತು ಸಲ ಮೂಸುತ್ತಾಳೆ. ಸಿದ್ದವ್ವ ಗಂಡನನ್ನು ಊಟಕ್ಕೆ ಕೂರುವ ಮೊದಲು “ಕೋಪನಾ? ಕೋಪ ಇಲ್ಲ ತಾನೆ?” ಎಂದು ಕೇಳುತ್ತಾಳೆ, ಅವನಿಗೆ ನಿಜವಾಗಿ ಕೋಪ ಬರುವವರೆಗೆ. ಅಂಚೆ ಕಚೇರಿಯ ಗಿರಿಜಾ ಪ್ರತಿ ಪತ್ರಕ್ಕೂ ಮುದ್ರೆ ಬಿದ್ದಿದೆಯೇ ಎಂದು ಚೀಲ ಬಿಚ್ಚಿ ನೋಡುತ್ತಾಳೆ. ಊರಿಗೆ ಪತ್ರ ತಡವಾಗುವುದು ಏಕೆಂದು ಅವತ್ತು ಎಲ್ಲರಿಗೂ ತಿಳಿಯಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀರು ನಗುವಿನದೇ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ.

ಪಾಠ ಬರೆದದ್ದು ಹೀಗೆ. ನಸೀಮಾ ಕೇಳಿದಳು: “ಬೀಗ ಹಾಕಿ ಹೊರಟಿದ್ದೀರಿ. ತೆರೆಯಲ್ಲ ಅಂತ ನಾನು ಬರೆಯೋಕಾಗಲ್ಲ. ಹಾಗಾದ್ರೆ ಸರಿ ಉತ್ತರ ಏನು?”

“ತೆರೀಬಹುದು” ಎಂದಳು ಹಾಲಮ್ಮ. “ತೆರೆದ್ರೆ ನಾನು ಮುಚ್ತೀನಿ. ಆಮೇಲೆ ಮಂಡಕ್ಕಿ.”

ನಸೀಮಾ ಅದನ್ನು ಹಾಗೆಯೇ ಟೈಪು ಮಾಡಿದಳು. ‘ಬೀಗ ಹಾಕಿ ಹೊರಟಿದ್ದೀರಿ. ಇವತ್ತು ತೆರೆಯಬಹುದೇ? ತೆರೆಯಬಹುದು. ತೆರೆದರೆ ಹಾಲಮ್ಮ ಮುಚ್ಚುತ್ತಾಳೆ.’ ಅದನ್ನು ಒತ್ತಿದರೆ ಹಸಿರು. ‘ಹಿಂದೆ ಹೋಗಿ ನೋಡಬೇಕು’ ಎಂದು ಒತ್ತಿದರೆ ಕೆಂಪು. ಹೀಗೆ ನೂರ ಎಂಟು ಪ್ರಶ್ನೆ. ಜಿಲ್ಲಾ ಕಚೇರಿಯವರು ಪಟ್ಟಿ ನೋಡಿ, “ಈ ಹಾಲಮ್ಮ ಯಾವ ಇಲಾಖೆ?” ಎಂದು ಕೇಳಿದರಂತೆ.

ಒತ್ತುವುದು ಸುಲಭ ಎಂದುಕೊಂಡಿದ್ದೆ. ಹಸಿರಿನ ಗುಂಡಿಯ ಮೇಲೆ ಬೆರಳಿಟ್ಟು ಹಿಂದೆ ತೆಗೆಯುತ್ತಿದ್ದೆ, ಯಾರದೋ ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತಬೇಕಾದವಳ ಹಾಗೆ. ಮೊದಲ ವಾರ ಇನ್ನೊಂದು ಚಾಳಿ ಹತ್ತಿಕೊಂಡಿತು. ಸರಿಯಾಗಿ ಒತ್ತಿದೆನೇ ಎಂಬ ಅನುಮಾನದಿಂದ ಅದೇ ಪ್ರಶ್ನೆಗೆ ಹಿಂದೆ ಹೋಗಿ ಹಿಂದೆ ಹೋಗಿ ಒತ್ತುತ್ತಿದ್ದೆ. ಪಾಠ ಮುಗಿದ ಮೇಲೆ ಕಂಪ್ಯೂಟರು ಆರಿದೆಯೇ ಎಂದು ಏಳು ಸಲ ನೋಡಿದೆ. ನಸೀಮಾ ತಲೆಯ ಮೇಲೆ ಕೈ ಹೊತ್ತು, “ಪಂಕಜಮ್ಮ, ಗುಣ ಆಗೋದನ್ನೂ ಏಳು ಸಲ ಮಾಡ್ತೀರಾ?” ಎಂದಳು. ಆಮೇಲೆ ಹಿಂದೆ ಹೋಗುವ ಗುಂಡಿಯ ಮೇಲೆ ಬಿಂದಿ ಅಂಟಿಸಿಬಿಟ್ಟಳು. ಅದು ನಮ್ಮವರ ಅಂಗಡಿಯ ಬಿಂದಿ.

ಎರಡು ತಿಂಗಳಲ್ಲಿ ಏಳು ಐದಾಯಿತು. ಐದು ಮೂರಕ್ಕೆ ಬಂದು ಎತ್ತಿನ ಹಾಗೆ ಮಂಡಿಯೂರಿತು. ಜಾಗಟೆಯ ಸದ್ದು ಕೇಳಿದ ಮೇಲೆ ಕೈ ಕಟ್ಟಿಕೊಂಡು ಜಗಲಿಯಲ್ಲಿ ಕೂರುತ್ತಿದ್ದೆ. ಎದುರು ಜಗಲಿಯಲ್ಲಿ ಹಾಲಮ್ಮನೂ ಹಾಗೆಯೇ ಕೂರುತ್ತಿದ್ದಳು, ಒಳಗೆ ಮೊಮ್ಮಗ ಮಲಗಿರುತ್ತಿದ್ದ. “ಹೋಗ್ಬೇಡ” ಎಂದು ಅವಳು ನನಗೆ, “ನೀನೂ ಹೋಗ್ಬೇಡ” ಎಂದು ನಾನು ಅವಳಿಗೆ. ದಾರಿಹೋಕರಿಗೆ ನಾವು ಜಗಳವಾಡುತ್ತಿರುವಂತೆ ಕಾಣುತ್ತಿತ್ತೋ ಏನೋ.

ವರದಾಳಿಗೆ ದಿನ ಹತ್ತಿರ ಬಂತು. ಹೊರಡುವುದು ಸೋಮವಾರ ಎಂದು ನಿಶ್ಚಯವಾಯಿತು. ನಮ್ಮವರು, “ನಾನು ಅಂಗಡಿ ಮುಚ್ಚಿ ದಿನವೆಲ್ಲ ಬಾಗಿಲ ಮುಂದೆ ಕೂತಿರ್ತೀನಿ, ನೀನು ಹೋಗು” ಎಂದರು. ನಸೀಮಾ ಬೇಡವೆಂದಳು. “ಅವ್ರು ಕೂತಿದಾರಾ ಅಂತ ನೀವು ಫೋನ್ ಮಾಡ್ತಾನೇ ಇರ್ತೀರಿ.” ಅದು ನನಗೆ ಹೊಳೆದೇ ಇರಲಿಲ್ಲ ಎನ್ನುವ ಮುಖ ಮಾಡಿದೆ. ಒಂದೇ ನಿಯಮ ಇಟ್ಟಳು: ಬೀಗ ಒಂದು ಸಲ. ಆಮೇಲೆ ಯಾರನ್ನೂ ಕೇಳುವ ಹಾಗಿಲ್ಲ. ಕೇಳಿದರೂ ಯಾರೂ ಹೇಳುವ ಹಾಗಿಲ್ಲ.

ಸೋಮವಾರ ಹನ್ನೊಂದಕ್ಕೆ ಬೀಗ ಹಾಕಿದೆ. ಎಳೆಯಲಿಲ್ಲ. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದೆ. ಜಾಗಟೆ ಇನ್ನೂ ಆಗಿರಲಿಲ್ಲ. ಹಾಲಮ್ಮ ತನ್ನ ಜಗಲಿಯಲ್ಲಿ ನನಗೆ ಬೆನ್ನು ಹಾಕಿ ನಿಂತು ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಹತ್ತು ಹೆಜ್ಜೆಗೇ ಸೋತೆ. “ಹಾಲಮ್ಮಾ, ಬೀಗ ಹಾಕ್ದೆ ಅಲ್ವಾ?”

“ಗೊತ್ತಿಲ್ಲ ಕಣೇ!” ಎಂದಳು ಗೋಡೆಗೆ.

ಮೂಲೆಯಲ್ಲಿ ಸಿದ್ದವ್ವ ಸಿಕ್ಕಳು. “ಸಿದ್ದವ್ವ, ನೀನು ನೋಡಿದ್ಯಾ, ನಾನು ಬೀಗ...”

“ಗೊತ್ತಿಲ್ಲ ಪಂಕಜಕ್ಕ, ತೆರೆದ್ರೆ ಮುಚ್ತೀವಿ!” ಆ ಬೀದಿಯಿಂದ ಬಸ್ ನಿಲ್ದಾಣದವರೆಗೆ, ಕೇಳಿದ ಕಡೆ, ಕೇಳದ ಕಡೆ, ಕಿಟಕಿಗಳಿಂದ, ನಲ್ಲಿಕಟ್ಟೆಯಿಂದ, ಅಂಚೆ ಕಚೇರಿಯ ಕೌಂಟರಿನಿಂದ, “ಗೊತ್ತಿಲ್ಲ, ತೆರೆದ್ರೆ ಮುಚ್ತೀವಿ!” ಎಂಬ ಘೋಷಣೆಯ ನಡುವೆ ನಾನು ಚುನಾವಣೆಗೆ ನಿಂತವಳ ಹಾಗೆ ನಡೆದೆ. ಅಧ್ಯಕ್ಷರು ಏನೋ ಮೆರವಣಿಗೆ ಎಂದು ಹೊರಗೆ ಬಂದು ಕೈ ಮುಗಿದರು.

ಬಸ್ಸು ಹೊರಟಿತು. ಸೇತುವೆ ಬಂತು. ನಾನು ತುಟಿ ಕಚ್ಚಿಕೊಂಡು ಕಿಟಕಿಯ ಸರಳು ಹಿಡಿದು ಕುಳಿತಿದ್ದೆ. ಬಸ್ಸು ನಿಂತಿತು. ಈರಣ್ಣ ಬಾಗಿಲು ತೆರೆದು ಹಿಡಿದು ನನ್ನನ್ನೇ ನೋಡುತ್ತಿದ್ದ. ಇಡೀ ಬಸ್ಸು ನನ್ನನ್ನು ನೋಡುತ್ತಿತ್ತು.

“ಯಾಕೆ ನಿಲ್ಸಿದೆ?” ಎಂದೆ.

“ನೀವು ಇಲ್ಲೇ ಅಲ್ವಾಕ್ಕ ಇಳಿಯೋದು?”

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಊರಿನ ಕಡೆಯಿಂದ ಜಾಗಟೆ ಕೇಳಿಸಿತು. ಬಸ್ಸಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮನೆ ನೆನೆದರು. ಆಮೇಲೆ ನನ್ನ ಫೋನು ಬಡಿದುಕೊಂಡಿತು. ನಮ್ಮವರು.

“ಪಂಕಜಾ” ಎಂದರು. ಮದುವೆಯಾದಾಗಿನಿಂದ ಅವರು ನನ್ನ ಹೆಸರು ಹಿಡಿದು ಕರೆದದ್ದು ಬೆರಳೆಣಿಕೆ. “ಗಾಬ್ರಿ ಆಗ್ಬೇಡ. ನಮ್ದೇ.”

“ಏನು?”

“ಮುಂಬಾಗ್ಲ ಬೀಗ. ಬಿಚ್ಚಿ ಜಗಲಿ ಮೇಲೆ ಬಿದ್ದಿದೆ. ಬಾಗ್ಲು ಹಾರು ಹೊಡೆದಿದೆ.”

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಒಂದು ಕೈ ಸೀಟಿನ ಮೇಲೆ, ಒಂದು ಕಾಲು ಬಾಗಿಲ ಕಡೆ. ಒಂದೇ ಸಲ ಹಾಕಿದೆ, ಎಳೆಯಲಿಲ್ಲ, ತೆರೆಯಿತು. ಇಷ್ಟು ವರ್ಷ ಹೆದರಿದ್ದು ಹೆದರಿದ ಹಾಗೆಯೇ, ಅಕ್ಷರ ತಪ್ಪದೆ ನಡೆದಿತ್ತು. ಈರಣ್ಣ ಕೆಳಗಿಳಿದು ದಾರಿ ಬಿಟ್ಟ. ಸೇತುವೆಯಿಂದ ಮನೆ ಇಪ್ಪತ್ತು ನಿಮಿಷದ ನಡಿಗೆ. ಇನ್ನೊಂದು ಕಡೆ ಎರಡೂವರೆ ತಾಸು, ಆಮೇಲೆ ಒಂದು ಬಾಗಿಲು. ಅದನ್ನು ನೋಡಿಕೊಂಡು ಕಾಯೋದಿಲ್ಲ ಎಂದಿದ್ದಳು ವರದಾ.

“ಮನೆಯೊಳಗೆ ಯಾರಿದಾರೆ?” ಎಂದು ಕೇಳಿದೆ.

“ಯಾರಿಲ್ಲ ಅಂತ ಕೇಳು. ಇಡೀ ಬೀದಿ ಬಂದಿದೆ.” ಫೋನು ಕೈ ಬದಲಾಯಿತು. ಹಾಲಮ್ಮನ ದನಿ, ಹಿಂದೆ ಪಾತ್ರೆಗಳ ಗದ್ದಲ. “ಲೇ ಪಂಕಜಾ! ಬಾಗ್ಲು ನಾನೇ ಮುಚ್ದೆ, ಆದ್ರೆ ಜನ ಬರ್ತಾನೇ ಇದಾರೆ, ಮತ್ತೆ ತೆಗೆದಿಟ್ಟೆ. ಇಪ್ಪತ್ತೊಂಬತ್ತು ವರ್ಷದ್ದು ನೋಡು, ಪಕ್ಕದ ಬೀದಿಯವ್ರೂ ಬಂದಿದಾರೆ. ಖಾರದಪುಡಿ ಡಬ್ಬ ಯಾವ್ದೇ?”

“ಕಪಾಟಿನ ಎರಡ್ನೇ ಖಾನೆ. ಸ್ಟೀಲಿಂದು.”

“ಅದನ್ನ ತೆಗ್ಯೋಕೆ ಮೂರು ಜನ ಒದ್ದಾಡ್ತಿದೀವಿ. ಏನು ಬಿಗಿದಿದೀಯೇ ತಾಯಿ! ಬೀಗದ ಬದ್ಲು ಇದಾದ್ರೂ ತೆರೀಬಾರ್ದಿತ್ತಾ?”

ನಾನು ನಕ್ಕೆ. ಅಳುವೂ ಬಂತು, ಆದರೆ ನಗು ಮೊದಲು ಬಂತು. “ನಿಂಗಪ್ಪನಿಗೆ ಕೊಡು, ಜಾಗಟೆ ಕೋಲಲ್ಲಿ ತಟ್ಟಲಿ. ಮತ್ತೆ ಹಾಲಮ್ಮ, ಕಡಲೆಬೀಜ ಜಾಸ್ತಿ ಹಾಕು. ಜಿಪುಣಿ ಅನ್ಬಾರ್ದು ಯಾರೂ.”

ಫೋನಿಟ್ಟು ಕುಳಿತೆ. “ಹೋಗೋಣ” ಎಂದೆ.

ಈರಣ್ಣ ಹೋಗಲಿಲ್ಲ. “ಅಕ್ಕಾ, ಅದೆಂಗಾಗತ್ತೆ? ನಿಮ್ಮನೆದು ತೆರೀತು, ನಾವೂ ನಿಮ್ಮೂರಿನೋರೇ. ನಮ್ಮ ಮಂಡಕ್ಕಿ?” ಹಿಂದಿನ ಸೀಟಿನ ಅಜ್ಜಿ, “ನಾನಂತೂ ಇದಕ್ಕೇ ಬದುಕಿದ್ದೆ” ಎಂದಳು. ಮುಂದಿನ ಕ್ರಾಸಿನಲ್ಲಿ ಬಸ್ಸು ನಿಂತಿತು. ಅಲ್ಲಿದ್ದ ಮಂಡಕ್ಕಿ ಗಾಡಿಯವನ ಇಡೀ ಬುಟ್ಟಿಗೆ ಈರುಳ್ಳಿ, ಖಾರ, ಎಣ್ಣೆ ಕಲೆಸಿ, ನಲವತ್ತೆರಡು ಜನಕ್ಕೂ ಡ್ರೈವರನಿಗೂ ನನ್ನ ಕೈಯಾರೆ ಹಂಚಿದೆ. ಇಸಿದುಕೊಂಡ ಪ್ರತಿಯೊಂದು ಕೈಯೂ ನನ್ನನ್ನು ಹರಸಿತು. ಉಳಿದದ್ದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಚೀಲದೊಳಗಿಟ್ಟೆ. ಚೀಲದ ಜಿಪ್ಪನ್ನು ಎರಡು ಸಲ ನೋಡಿದೆ. ಸುಳ್ಳು ಏಕೆ ಹೇಳಲಿ, ಮೂರು ಸಲ.

ವರದಾಳ ಮನೆಯ ಬಾಗಿಲು ಮುಚ್ಚಿತ್ತು. ತಟ್ಟಿದೆ. ಅವಳೇ ಬಂದು ತೆರೆದಳು, ಒಂದು ಕೈ ಸೊಂಟದ ಮೇಲೆ, ಮುಖ ತುಂಬಿಕೊಂಡು ಚಂದ್ರನಂತೆ. ನಾನು ನಿಜವೋ ಅಲ್ಲವೋ ಎಂದು ಪರೀಕ್ಷಿಸುವವಳಂತೆ ನನ್ನ ತೋಳು ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು.

ನಾನು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟೆ. ಅವಳು ಬಿಚ್ಚಿದಳು. ಈರುಳ್ಳಿಯ ವಾಸನೆ ಬಂತು. ಅವಳೂ ನಮ್ಮೂರಿನಲ್ಲಿ ಹುಟ್ಟಿದವಳು.

“ಯಾರ ಮನೇದಮ್ಮ?” ಎಂದಳು.

“ನಮ್ಮನೇದೇ” ಎಂದೆ.

“ಯಾವಾಗ?”

“ಬಸ್ಸು ಸೇತುವೆ ಹತ್ರ ಇತ್ತು.”

ವರದಾ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಬಾಗಿಲನ್ನು ಹಾಗೆಯೇ ತೆರೆದು ಬಿಟ್ಟು, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.